ಕಾಯಿ ಕೇಳಿದರೆ ತಾಯಿ ಬಂದಾಗ

ಕೆಲವು ಮಕ್ಕಳ ಬಾಯಲ್ಲಿ ‘ಕಾಯಿ’ ಹೋಗಿ ‘ತಾಯಿ’ ಆಗುತ್ತದೆ. ನಾಲಿಗೆಯ ಹಿಂಭಾಗ ಮೇಲೆದ್ದರೆ ಕಕಾರ. ಅದರ ಬದಲು ತುದಿ ಹಲ್ಲಿಗೆ ತಾಗಿದರೆ ತಕಾರ. ‘ಸರಿಯಾಗಿ ಹೇಳು, ಇನ್ನೊಮ್ಮೆ ಹೇಳು’ ಎಂದು ದೊಡ್ಡವರು ಬೆನ್ನು ಹತ್ತಿದಷ್ಟೂ ಮಗು ಬಾಯಿ ಬಿಗಿಯುತ್ತದೆ. ಆದ್ದರಿಂದಲೇ ಸ್ಪೀಚ್ ಥೆರಪಿಯಲ್ಲಿ ಆಟಕ್ಕೆ ದೊಡ್ಡ ಜಾಗ.

ಆಟ ಮಾಡುವ ಕೆಲಸ

ಎರಡು ಕಾರ್ಡುಗಳಿವೆ ಎನ್ನಿ. ಒಂದರಲ್ಲಿ ತೆಂಗಿನಕಾಯಿ, ಇನ್ನೊಂದರಲ್ಲಿ ಸೀರೆಯುಟ್ಟ ತಾಯಿ. ಮಗುವಿಗೆ ಬೇಕಾದದ್ದು ಕಾಯಿ, ಬಾಯಿಂದ ಬಂದದ್ದು ‘ತಾಯಿ’. ಥೆರಪಿಸ್ಟ್ ಗದರುವುದಿಲ್ಲ, ಕೇಳಿದ ತಾಯಿಯನ್ನೇ ಕೈಗಿಡುತ್ತಾರೆ. ಮಗು ಕಾರ್ಡನ್ನೂ ಅವರ ಮುಖವನ್ನೂ ನೋಡುತ್ತದೆ. ಶಬ್ದ ಬದಲಾದರೆ ಸಿಗುವ ವಸ್ತುವೂ ಬದಲಾಗುತ್ತದೆ ಎಂಬುದು ಆಗ ಅದಕ್ಕೇ ಹೊಳೆಯುತ್ತದೆ. ಹತ್ತು ಸಲ ತಿದ್ದುವುದಕ್ಕಿಂತ ಈ ಒಂದು ಗಳಿಗೆ ಹೆಚ್ಚು ಎಂದೇ ನನ್ನ ನಂಬಿಕೆ.

ಶಬ್ದ ಒಮ್ಮೆ ಕೈಗೆ ಹತ್ತಿದ ಮೇಲೆ ಬೇಕಾದದ್ದು ರೂಢಿ. ಚೌಕಾಬಾರದ ಮನೆಗಳಲ್ಲಿ ಕಾಗೆ, ಕಿವಿ, ಕುದುರೆಯ ಚಿತ್ರ ಅಂಟಿಸಿ ಕವಡೆ ಹಾಕಿ. ನಿಂತ ಮನೆಯ ಹೆಸರು ಹೇಳಿಯೇ ಮುಂದೆ ಹೋಗಬೇಕು. ಇಲ್ಲಿ ನಡೆಸುವುದೂ ಕಾಯಿಯನ್ನೇ!

ಸೋಪಿನ ಗುಳ್ಳೆ ಊದಿಸಿದರೆ ನಾಲಿಗೆ ತಿರುಗುತ್ತದೆ ಎಂಬ ಮಾತಿಗೆ ಮಾತ್ರ ಗಟ್ಟಿ ಆಧಾರವಿಲ್ಲ. ‘ಇನ್ನೂ ಬೇಕು’ ಎಂದು ಮಗುವಿನಿಂದ ಹೇಳಿಸಲು ಗುಳ್ಳೆ ಒಳ್ಳೆಯ ನೆಪ, ಅಷ್ಟೇ.

ಕಾಮಿಕ್ಸ್‌ನ ಗುಳ್ಳೆಗಳು

ಉಚ್ಚಾರಕ್ಕಷ್ಟೇ ಅಲ್ಲ, ಮಾತುಕತೆಯನ್ನು ಅರಿಯಲೂ ಆಟದಂಥ ದಾರಿಯುಂಟು. ಅಮೆರಿಕದ ಶಿಕ್ಷಕಿ ಕ್ಯಾರೊಲ್ ಗ್ರೇ 1994ರಲ್ಲಿ ಆಟಿಸಂ ಇರುವ ಮಕ್ಕಳಿಗಾಗಿ ‘ಕಾಮಿಕ್ ಸ್ಟ್ರಿಪ್ ಕಾನ್ವರ್ಸೇಷನ್ಸ್’ ವಿಧಾನವನ್ನು ಪ್ರಕಟಿಸಿದರು. ಕಡ್ಡಿ ಗೊಂಬೆ ಬರೆದು, ಆಡಿದ ಮಾತಿಗೆ ಒಂದು ಗುಳ್ಳೆ, ಮನಸ್ಸಿನಲ್ಲಿದ್ದದ್ದಕ್ಕೆ ಇನ್ನೊಂದು. ಸಂತೋಷಕ್ಕೆ ಹಸಿರು, ಸಿಟ್ಟಿಗೆ ಕೆಂಪು, ದುಃಖಕ್ಕೆ ನೀಲಿ. ಎದುರಿನವರ ಮನಸ್ಸು ಕಣ್ಣಿಗೆ ಕಾಣುವಂತಾಗುವುದೇ ಇದರ ಹೆಚ್ಚುಗಾರಿಕೆ.

ಮನೆಯಲ್ಲಾದರೆ ಮಕ್ಕಳ ಪತ್ರಿಕೆ ‘ಬಾಲಮಂಗಳ’ದ ಹಳೆಯ ಸಂಚಿಕೆ ಸಾಕು. ಅದರಲ್ಲಿನ ಡಿಂಗನ ಚಿತ್ರಕಥೆಯ ಮಾತಿನ ಗುಳ್ಳೆಗಳ ಮೇಲೆ ಬಿಳಿ ಕಾಗದ ಅಂಟಿಸಿ, ‘ಡಿಂಗ ಈಗ ಏನಂತಾನೆ?’ ಎಂದು ಕೇಳಿ. ಮಗು ಹೇಳಿದ್ದನ್ನು ಹೇಳಿದ ಹಾಗೇ ಬರೆಯಿರಿ.

ತಜ್ಞರ ಬಳಿ ಹೋಗುವುದು ಯಾವಾಗ?

3 ವರ್ಷದ ಮಗು ‘ರಾಜ’ನನ್ನು ‘ಲಾಜ’ ಎಂದರೆ ಗಾಬರಿ ಬೇಡ, ರಕಾರ ತಡವಾಗಿಯೇ ಕೂಡಿಬರುತ್ತದೆ. 2 ವರ್ಷವಾದರೂ ಎರಡು ಪದ ಜೋಡಿಸದಿದ್ದರೆ ಕಾಯಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆ, ವಾಕ್ ಚಿಕಿತ್ಸೆ ಎರಡೂ ಇವೆ. ತಜ್ಞರನ್ನು ಕಾಣಲು ಹೋಗುವಾಗ, ಮಗು ಮನೆಯಲ್ಲಿ ಆಡುತ್ತಾ ಮಾತಾಡಿದ ವಿಡಿಯೊ ಒಂದನ್ನು ಮೊಬೈಲಿನಲ್ಲಿ ಇಟ್ಟುಕೊಂಡಿರಿ. ಹೊಸ ಜಾಗದಲ್ಲಿ ಎಷ್ಟೋ ಮಕ್ಕಳು ಬಾಯೇ ಬಿಡುವುದಿಲ್ಲ.