ನಾದ ಹತ್ತಿದವರು

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬರುವ ಚಿಗರಿ ಬಸ್ಸಿನಲ್ಲಿ ಮೊನ್ನೆ ಇಬ್ಬರು ಕಾಲೇಜು ಹುಡುಗರು ನನ್ನ ಮುಂದಿನ ಸೀಟಿನಲ್ಲಿ ಕೂತಿದ್ದರು. ಇಬ್ಬರಿಗೂ ಸೇರಿ ಒಂದೇ ಇಯರ್‌ಫೋನು. ಒಂದು ತುದಿ ಅವನ ಕಿವಿಗೆ, ಇನ್ನೊಂದು ಇವನ ಕಿವಿಗೆ. ಉಣಕಲ್ ಕೆರೆ ದಾಟುವ ಹೊತ್ತಿಗೆ ಒಬ್ಬ, ‘ನಾ ಈ ಬ್ಯಾಂಡಿನ ಹ್ಯೂಜ್ ಫ್ಯಾನ್ ಅದೇನಿ ದೋಸ್ತ, ಈಗ ಬರ್ತದ ನೋಡು, ಡ್ರಮ್ಮು ಕೇಳು’ ಅಂದ. ಇಬ್ಬರ ತಲೆಗಳೂ ಒಟ್ಟಿಗೆ ತೂಗತೊಡಗಿದವು. ಆಚೆ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿ ಇದನ್ನು ನೋಡಿ ಪಕ್ಕದವಳಿಗೆ ಹೇಳಿದಳು: ‘ಈ ಹುಡುಗೂರಿಗೆ ಹಾಡಿನ ನಾದ ಭಾಳ ಹತ್ತೇತಿ ನೋಡವಾ.’

ಹುಡುಗ ಆಡಿದ ಮಾತೂ ಅಜ್ಜಿ ಆಡಿದ ಮಾತೂ ಒಂದೇ ಸಂಗತಿಯ ಬಗ್ಗೆ. ಆದರೆ ಅಜ್ಜಿಯ ಮಾತಿನಲ್ಲಿ ಇರುವ ತಿಳಿವಳಿಕೆ ಹುಡುಗನ ಮಾತಿನಲ್ಲಿ ಇಲ್ಲ. ‘ನಾನು ಫ್ಯಾನ್’ ಅನ್ನುವಾಗ ವಾಕ್ಯದ ಮೊದಲಿಗೇ ‘ನಾನು’ ಬಂದು ನಿಲ್ಲುತ್ತದೆ. ಎದೆ ಮುಂದೆ ಮಾಡಿಕೊಂಡು ನಿಲ್ಲುತ್ತದೆ. ಅದು ಸಾಲದೆಂದು ಹ್ಯೂಜ್, ಡೈ ಹಾರ್ಡ್, ನಂಬರ್ ಒನ್ ಎಂದು ಬಿರುದು ಬೇರೆ. ನಾದದ ವ್ಯಾಕರಣದಲ್ಲಿ ಇದಕ್ಕೆ ಎಡೆಯೇ ಇಲ್ಲ. ‘ನಾನು ನಾದ’ ಅಂತ ಯಾರೂ ಹೇಳಲಾರರು. ‘ನನಗ ನಾದ ಹತ್ತೇತಿ’ ಅಂತಲೇ ಹೇಳಬೇಕು. ಹಸಿವು ನನಗೆ ಆಗುತ್ತದೆ, ನಿದ್ದೆ ನನಗೆ ಬರುತ್ತದೆ, ಚಳಿ ನನಗೆ ಹತ್ತುತ್ತದೆ. ಅವು ಬರುವಾಗ ನನ್ನನ್ನು ಕೇಳಿ ಬರುವುದಿಲ್ಲ. ಹಾಡಿನ ಮೇಲಿನ ಪ್ರೀತಿಯನ್ನೂ ನಮ್ಮ ಕಡೆಯ ಜನ ಇದೇ ಸಾಲಿನಲ್ಲಿ ಕೂರಿಸಿದ್ದಾರೆ. ಮೈಸೂರಿನ ಕಡೆಯವರು ‘ಅವನಿಗೆ ಸಂಗೀತದ ಹುಚ್ಚು’, ‘ಹಾಡಿನ ಗೀಳು’ ಅನ್ನುವಾಗಲೂ ಇದೇ ಜಾಣತನ ಇದೆ. ಚತುರ್ಥಿ ವಿಭಕ್ತಿಯೊಳಗೆ ಇಷ್ಟು ವಿನಯವಿದೆ ಎಂದು ಶಾಲೆಯಲ್ಲಿ ನಮಗೆ ಯಾರೂ ಹೇಳಲಿಲ್ಲ.

ನಾದಬ್ರಹ್ಮ, ನಾದಬಿಂದು, ಆಹತ, ಅನಾಹತ ಇವುಗಳ ವಿಚಾರವನ್ನು ಬಲ್ಲವರು ಬೇಕಾದಷ್ಟು ಬರೆದಿದ್ದಾರೆ, ಅದನ್ನು ಇಲ್ಲಿ ತಿರುಗಿ ಬರೆಯಲಾರೆ. ನನಗೆ ಬೇಕಾದದ್ದು ಅಡುಗೆಮನೆಯಿಂದ ಬೈಗುಳವಾಗಿ ಹೊರಬರುವ ನಾದ. ‘ಇಸ್ಪೀಟಿನ ನಾದಕ್ಕ ಬಿದ್ದು ಹೊಲ ಕಳಕೊಂಡ’, ‘ಆ ಹುಡುಗನ ನಾದಕ್ಕ ಹೋಗಬ್ಯಾಡ’, ‘ನಾಟಕದ ನಾದ ಹತ್ತಿ ಮನಿ ಬಿಟ್ಟ’. ಬೆಳಗಾವಿಯಾಚೆ ಮರಾಠಿಯವರೂ ಈ ಮಾತನ್ನು ಇದೇ ಅರ್ಥದಲ್ಲಿ ಬಳಸುತ್ತಾರೆ. ಹಾಗಾಗಿ ಅಲ್ಲಿಂದ ಇಲ್ಲಿಗೆ ಬಂತು ಎಂದು ಹೇಳಿ ಕೈತೊಳೆದುಕೊಳ್ಳುವವರು ಬಹಳ. ನನಗದು ಸಮಾಧಾನವಿಲ್ಲ.

ಈ ಮಾತಿಗೆ ಜೊತೆಯಾಗುವ ಕ್ರಿಯಾಪದಗಳನ್ನು ನೋಡಿ. ನಾದ ‘ಹತ್ತು’ತ್ತದೆ. ಬೆಂಕಿ ಹತ್ತುವ ಹಾಗೆ, ರುಚಿ ಹತ್ತುವ ಹಾಗೆ. ನಾದವನ್ನು ಒಬ್ಬರು ಇನ್ನೊಬ್ಬರಿಗೆ ‘ಹಚ್ಚು’ತ್ತಾರೆ. ದೀಪ ಹಚ್ಚುವುದಕ್ಕೂ ಔಷಧ ಹಚ್ಚುವುದಕ್ಕೂ ಇದೇ ಮಾತು. ಕೆಟ್ಟ ಚಟವಾದರೆ ನಾದಕ್ಕೆ ‘ಬೀಳು’ತ್ತಾರೆ. ಹಿರಿಯರು ಬಂದು ನಾದ ‘ಬಿಡಿಸು’ತ್ತಾರೆ, ಅಥವಾ ಬಿಡಿಸಲು ನೋಡುತ್ತಾರೆ. ಹಾಡಿನ ವಿಷಯಕ್ಕೆ ನಮ್ಮೋಣಿಯಲ್ಲಿ ‘ಬೀಳು’ ಎಂದದ್ದನ್ನು ನಾನು ಕೇಳಿಲ್ಲ. ಹತ್ತುವುದು ಮತ್ತು ಹಚ್ಚುವುದು, ಇವೆರಡೇ.

ಈಗ ನನ್ನ ಸಿದ್ಧಾಂತ. ಭಾಷಾಶಾಸ್ತ್ರದವರು ಒಪ್ಪುವುದಿಲ್ಲವೆಂದು ಗೊತ್ತು, ಆದರೂ ಬಿಡಲಾರೆ. ಕನ್ನಡದಲ್ಲಿ ‘ನಾದು’ ಅಂತ ಇನ್ನೊಂದು ಮಾತಿದೆ. ಹೋಳಿಗೆಗೆ ಕಣಕ ನಾದುತ್ತಾರಲ್ಲ, ಆ ನಾದು. ಹಳೆಯ ಕನ್ನಡದಲ್ಲಿ ಅದಕ್ಕೆ ತೋಯಿಸು, ಒದ್ದೆ ಮಾಡು ಎನ್ನುವ ಅರ್ಥವೂ ಇತ್ತು. ಸಂಸ್ಕೃತದ ನಾದ ದೇವಸ್ಥಾನದ ಗಂಟೆಯಿಂದ ಬಂತು, ಕನ್ನಡದ ನಾದು ಕಣಕದ ಕೊಣಮಿಗೆಯಿಂದ ಬಂತು, ಎರಡೂ ನಮ್ಮ ಹೆಂಗಸರ ಬಾಯಲ್ಲಿ ಕೂಡಿ ಈ ಮೂರನೆಯ ನಾದ ಹುಟ್ಟಿತು ಎಂಬುದು ನನ್ನ ನಂಬಿಕೆ. ಹಾಡಿನ ನಾದ ಹತ್ತಿದ ಮನುಷ್ಯನನ್ನು ನೋಡಿದವರಿಗೆ ಇದು ವಿಚಿತ್ರವೆನಿಸದು. ಒಂದೇ ಠುಮರಿಯನ್ನು ನೂರು ಸಲ ಕೇಳಿದವನ ಮನಸ್ಸು ಎಣ್ಣೆ ಹಚ್ಚಿ ನಾದಿಟ್ಟ ಕಣಕದ ಹಾಗೆ ಮೆತ್ತಗಾಗಿರುತ್ತದೆ, ಎಳೆದಷ್ಟೂ ಹರಿಯುವುದಿಲ್ಲ. ಬರೀ ಸದ್ದಿನಿಂದ ಹುಟ್ಟಿದ ಮಾತಾಗಿದ್ದರೆ ಅದಕ್ಕೆ ಇಷ್ಟು ಕೈಕೆಲಸದ ಗುಣ ಬರುತ್ತಿರಲಿಲ್ಲ.

ನನಗೆ ನಾದ ಹಚ್ಚಿದವರು ನಮ್ಮೋಣಿಯ ಟೇಲರ್ ಕಾಕಾ. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾದದ್ದು. ಕಾಕಾನ ರೇಡಿಯೊ ಅದಕ್ಕಿಂತ ಸ್ವಲ್ಪವೇ ಕಿರಿಯದಿರಬೇಕು, ಮರದ ಪೆಟ್ಟಿಗೆಯದು. ಅಂಗಡಿಯ ಗೋಡೆಗೆ ಹೊಡೆದ ಹಲಗೆಯ ಮೇಲೆ, ನೂಲಿನ ಉಂಡೆಗಳ ನಡುವೆ ಕೂತಿರುತ್ತಿತ್ತು. ಮಷೀನು ಓಡುತ್ತಿರುವಾಗಲೇ ‘ಪಂಡಿತ ಮಲ್ಲಿಕಾರ್ಜುನ ಮನಸೂರ ಅವರಿಂದ’ ಅನ್ನುವ ಮಾತು ಬಂತೆಂದರೆ ಕಾಕಾ ಕಾಲು ತೆಗೆದು ಅಂಗೈಯಿಂದ ಗಾಲಿ ಹಿಡಿದು ನಿಲ್ಲಿಸುತ್ತಿದ್ದರು. ಸೂಜಿ ಬಟ್ಟೆಯೊಳಗೆ ಅರ್ಧ ಇಳಿದಲ್ಲೇ ನಿಲ್ಲುತ್ತಿತ್ತು. ಇನ್ನು ಹಾಡು ಮುಗಿಯುವವರೆಗೂ ಹೊಲಿಗೆ ಇಲ್ಲ. ದಸರೆ ಮುಂದೆ ಹೊಸ ಅಂಗಿಗಾಗಿ ಕಾಯುತ್ತ ಬಾಗಿಲಲ್ಲಿ ಜನ ನಿಂತಿದ್ದರೂ ಇಲ್ಲ. ಒಳಗಿನಿಂದ ಕಾಕಿಯ ದನಿ ಬರುತ್ತಿತ್ತು: ‘ಅವರಿಗೆ ನಾದ ಹತ್ತೇತ್ರಿ, ಇನ್ನ ನಿಮ್ಮ ಅಂಗಿ ಆಧಂಗ. ನಾಳಿಗೆ ಬರ್ರಿ.’ ಅದರಲ್ಲಿ ಬೈಗುಳ ಎಷ್ಟೋ ಹೆಮ್ಮೆಯೂ ಅಷ್ಟೇ ಇತ್ತು. ಗಿರಾಕಿಗಳೂ ಸಿಟ್ಟಾಗುತ್ತಿರಲಿಲ್ಲ. ಕೆಲವರು ಕಟ್ಟೆಯ ಮೇಲೆ ಕೂತು ತಾವೂ ಕೇಳುತ್ತಿದ್ದರು.

ಒಂದು ಸಲ ನಾನು ಅವರನ್ನು ‘ಸಮ್’ ಅಂದರೇನು ಎಂದು ಕೇಳಿದೆ. ಹಾಡುವವರು ಎಲ್ಲೆಲ್ಲೋ ಹೋಗಿ ಒಂದು ಕಡೆ ಬಂದು ಇಳಿದಾಗ ದೊಡ್ಡವರೆಲ್ಲ ‘ಆಹಾ’ ಅನ್ನುತ್ತಿದ್ದರು, ಅದೇಕೆಂದು ನನಗೆ ತಿಳಿಯುತ್ತಿರಲಿಲ್ಲ. ಕಾಕಾ ಕತ್ತರಿಸಲು ಹಾಸಿದ್ದ ಖಾಕಿ ಬಟ್ಟೆಯ ಮೇಲೆ ಖಡುವಿನಿಂದ ಹದಿನಾರು ಗೆರೆ ಎಳೆದರು. ಮೊದಲನೆಯದನ್ನು ದಪ್ಪ ಮಾಡಿದರು, ಒಂಬತ್ತನೆಯದರ ಮೇಲೆ ಸೊನ್ನೆ ಬರೆದರು. ‘ಇದು ತೀನತಾಲ. ದಪ್ಪ ಗೆರಿಯೊಳಗ ತಿರುಗಿ ಬರಬೇಕು. ಎಷ್ಟು ದೂರ ಹೋದ್ರೂ ಇಲ್ಲಿಗೆ ಬರಬೇಕು’ ಅಂದು ರೇಡಿಯೊದ ತಬಲೆಯ ಜೊತೆ ನನ್ನ ಬೆರಳು ಹಿಡಿದು ಗೆರೆಯಿಂದ ಗೆರೆಗೆ ನಡೆಸಿದರು. ಸುತ್ತು ಮುಗಿದು ಬೆರಳು ದಪ್ಪ ಗೆರೆಗೆ ಬರುವುದಕ್ಕೂ ಆಲಾಪ ಸುತ್ತಿ ಬಂದು ಇಳಿಯುವುದಕ್ಕೂ ಸರಿಹೋಯಿತು. ಮೈ ಜುಮ್ಮೆಂದಿತು. ಆ ಬಟ್ಟೆ ಆಮೇಲೆ ಯಾರದೋ ಶಾಲೆಯ ಚಡ್ಡಿ ಆಯಿತು.

ಕಾಕಾನ ನಾದ ರೇಡಿಯೊಗಷ್ಟೇ ಸೀಮಿತವಾಗಿರಲಿಲ್ಲ. ಮದುವೆಯ ಮೆರವಣಿಗೆಯ ಬ್ಯಾಂಡು ಓಣಿಯ ತಿರುವಿಗೆ ಬರುವ ಮೊದಲೇ ಕ್ಲಾರಿನೆಟ್ಟಿನ ದನಿಯಿಂದ ಅದು ಯಾವ ಕಂಪನಿಯ ಬ್ಯಾಂಡು ಎಂದು ಹೇಳುತ್ತಿದ್ದರು. ಅವರಿಗೆ ಅಚ್ಚುಮೆಚ್ಚಿನ ಒಬ್ಬ ಕ್ಲಾರಿನೆಟ್ ವಾದಕನಿದ್ದ. ಕೆಂಪು ಕೋಟು, ಬಣ್ಣ ಹೋದ ಗುಂಡಿಗಳು. ರಾಜಕುಮಾರ್ ಸಿನಿಮಾದ ಹಾಡು ಬಾರಿಸುತ್ತಲೇ ಎರಡು ಚರಣಗಳ ನಡುವೆ ಭೀಮ್‌ಪಲಾಸಿನ ಒಂದು ಎಳೆ ತೂರಿಸಿಬಿಡುತ್ತಿದ್ದನಂತೆ. ಅದಕ್ಕಾಗಿ ಕಾಕಾ ಕೊರಳಲ್ಲಿ ಅಳತೆಯ ಟೇಪು ಇರುವಂತೆಯೇ ಮೆರವಣಿಗೆಯ ಹಿಂದೆ ಮಾರುತಿ ಗುಡಿಯವರೆಗೆ ಹೋಗುತ್ತಿದ್ದರು. ಕರೆಯದ ಮದುವೆಗೂ ಹೋಗುತ್ತಿದ್ದರು, ಊಟಕ್ಕೆ ನಿಲ್ಲುತ್ತಿರಲಿಲ್ಲ. ಮನಸೂರರ ಬಗ್ಗೆ ಮಾತಾಡುವಾಗ ಯಾವ ದನಿ ಇರುತ್ತಿತ್ತೋ ಆ ಕೆಂಪು ಕೋಟಿನವನ ಬಗ್ಗೆ ಮಾತಾಡುವಾಗಲೂ ಅದೇ ದನಿ. ಹಳ್ಳಿಯಿಂದ ಕರಡಿ ಮಜಲಿನವರು ಬಂದರೂ ಅಷ್ಟೇ. ದೊಡ್ಡ ಕಲಾವಿದರು, ಓಣಿಯ ಕಲಾವಿದರು ಎಂಬ ಎರಡು ಕಪಾಟು ಅವರಲ್ಲಿ ಇರಲಿಲ್ಲ. ನಾದಕ್ಕೆ ಆ ಭೇದ ಗೊತ್ತಿಲ್ಲ. ಇದನ್ನು ನಾನು ಪೂರ್ತಿ ನಂಬುತ್ತೇನೆ.

ನಂಬಲು ದೊಡ್ಡ ಸಾಕ್ಷಿಯೂ ಇದೆ. ಗದಗಿನಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿ ಸಣ್ಣವನಿದ್ದಾಗ ಬೀದಿಯಲ್ಲಿ ಭಜನೆಯದೋ ಬ್ಯಾಂಡಿನದೋ ಮೆರವಣಿಗೆ ಹೋದರೆ ಸಾಕು, ಅದರ ಬೆನ್ನು ಹತ್ತಿ ಹೋಗಿಬಿಡುತ್ತಿದ್ದ. ದಣಿದು ಎಲ್ಲೋ ಮಲಗಿರುತ್ತಿದ್ದ, ಮನೆಯವರು ಹುಡುಕಬೇಕಿತ್ತು. ಬೇಸತ್ತ ತಂದೆ ಗುರುರಾಜ ಜೋಶಿಯವರು ಮಗನ ಅಂಗಿಗಳ ಮೇಲೆಲ್ಲ ‘ಜೋಶಿ ಮಾಸ್ತರರ ಮಗ’ ಎಂದು ಬರೆದಿಟ್ಟರು. ಉಪಾಯ ಫಲಿಸಿತು. ಕಂಡವರು ಓದಿ ಮನೆಗೆ ತಂದು ಮುಟ್ಟಿಸುತ್ತಿದ್ದರು. ಆಮೇಲೆ ಅದೇ ಹುಡುಗ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯನ್ನು ಅಂಗಡಿಯೊಂದರ ರೆಕಾರ್ಡಿನಲ್ಲಿ ಕೇಳಿ, 1933ರಲ್ಲಿ, ಹನ್ನೊಂದರ ವಯಸ್ಸಿಗೆ ಗುರುವನ್ನು ಹುಡುಕುತ್ತ ಮನೆ ಬಿಟ್ಟ. ಗ್ವಾಲಿಯರ್ ಕಡೆಗೆಲ್ಲ ತಿರುಗಿ ಕೊನೆಗೆ ಜಾಲಂಧರಕ್ಕೆ ಮುಟ್ಟಿದ. ತಂದೆ ಪತ್ತೆ ಮಾಡಿ ಕರೆತಂದರು. ಆದರೆ ನಾದ ಬಿಡಿಸಲಿಲ್ಲ. 1936ರಲ್ಲಿ ಸವಾಯಿ ಗಂಧರ್ವರಲ್ಲಿ ಕಲಿಯಲು ಬಿಟ್ಟರು. ಓಣಿಯ ಮೆರವಣಿಗೆಯಿಂದ ಕಿರಾನಾ ಘರಾಣೆಯವರೆಗಿನ ಈ ದಾರಿಯಲ್ಲಿ ‘ಇದು ಕೀಳು, ಅದು ಮೇಲು’ ಎಂದು ಯಾವ ತಿರುವಿನಲ್ಲೂ ಬೋರ್ಡಿಲ್ಲ.

ಗಂಗೂಬಾಯಿ ಹಾನಗಲ್ಲರೂ ಚಿಕ್ಕಂದಿನಲ್ಲಿ ಗ್ರಾಮೋಫೋನಿನ ದನಿ ಕೇಳಿದರೆ ಬೀದಿಗೆ ಓಡಿಬಂದು ಕೇಳಿ, ಅದನ್ನೇ ಅನುಕರಿಸುತ್ತಿದ್ದರು. ಮುಂದೆ ಸವಾಯಿ ಗಂಧರ್ವರಿಂದ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಇಂದಿಗೂ ಸಂಗೀತೋತ್ಸವ ನಡೆಯುತ್ತದೆ. ಜಮಖಾನದ ಮೇಲೆ ಕೂತು ರಾತ್ರಿಯಿಡೀ ಕೇಳುವ ಹಳ್ಳಿಯ ಜನರನ್ನು ಅಲ್ಲಿ ನೋಡಬೇಕು. ರಾಗದ ಹೆಸರು ಕೇಳಿದರೆ ಬಹಳ ಜನ ಹೇಳಲಾರರು. ಆದರೆ ಸ್ವರ ಸ್ವಲ್ಪ ಜಾರಿದರೆ ಅವರ ಕತ್ತು ಕೂಡಲೇ ಒಂದಿಷ್ಟು ಓರೆಯಾಗುತ್ತದೆ.

ಈಗ ‘ಬ್ಯಾಂಡ್’ ಎಂದರೆ ಗಿಟಾರು, ಡ್ರಮ್ಮು, ಬೇಸ್ ಹಿಡಿದ ನಾಲ್ಕೈದು ಹುಡುಗರ ತಂಡ. ಅದರ ಬಗ್ಗೆ ನನಗೆ ತಕರಾರಿಲ್ಲ. ಶಿಶುನಾಳ ಷರೀಫರ ಪದಗಳನ್ನು ರಘು ದೀಕ್ಷಿತ್ ಗಿಟಾರಿನ ಜೊತೆ ಹಾಡಿದ ಮೇಲೆ ಎಷ್ಟೋ ಹುಡುಗರು ಷರೀಫರ ಹೆಸರು ತಿಳಿದರು. ಶಿಶುನಾಳ ನಮ್ಮಿಂದ ದೂರವೇನಲ್ಲ, ಆದರೂ ಆ ಹುಡುಗರು ಬೆಂಗಳೂರಿನ ದಾರಿಯಾಗಿ ಅಲ್ಲಿಗೆ ಬಂದರು, ಬರಲಿ. ಕಾಲೇಜಿನ ಗ್ಯಾದರಿಂಗಿನಲ್ಲಿ ತಾವೇ ಬರೆದ ಪದ ಹಾಡುವ ಹುಡುಗರನ್ನು ನಾನೂ ನಿಂತು ಕೇಳಿದ್ದೇನೆ. ದನಿ ನಡುಗುತ್ತಿರುತ್ತದೆ, ಮೈಕು ಕಿರುಗುಡುತ್ತದೆ, ಎದುರಿಗಿರುವ ಅವರದೇ ಗೆಳೆಯರು ಎಲ್ಲ ಪದವನ್ನೂ ಬಾಯಿಪಾಠ ಮಾಡಿಕೊಂಡು ಕೂಡಿ ಹಾಡುತ್ತಾರೆ. ಕೆಂಪು ಕೋಟಿನವನ ಹಿಂದೆ ನಡೆದ ಕಾಕಾನಿಗೂ ಇವರಿಗೂ ನಾನು ಅಂತರ ಕಾಣೆ.

ನನ್ನ ತಕರಾರು ಎರಡು. ಒಂದು, ಗಣಪತಿ ಮೆರವಣಿಗೆಯ ಡಿಜೆ. ಜಗ್ಗಲಿಗೆ, ಝಾಂಜು, ಡೊಳ್ಳು ಇದ್ದ ಜಾಗದಲ್ಲಿ ಲಾರಿಯ ಮೇಲಿನ ಸ್ಪೀಕರ್ ಗೋಡೆ ಬಂದು ನಿಂತಿದೆ. ಕಿಟಕಿಯ ಗಾಜು ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಬೆನ್ನು ಹತ್ತಿ ಹೋಗಬೇಕೆನಿಸುವ ಒಬ್ಬ ಮನುಷ್ಯ ಅಲ್ಲಿ ಇಲ್ಲ. ಕ್ಲಾರಿನೆಟ್ಟಿನವನಿಗೆ ಉಸಿರು ಬೇಕಿತ್ತು, ನಡುವೆ ನಿಂತು ನೀರು ಕುಡಿಯುತ್ತಿದ್ದ, ಆಗ ಅವನನ್ನು ಮಾತಾಡಿಸಬಹುದಿತ್ತು. ಡೊಳ್ಳಿನವರು, ಜಗ್ಗಲಿಗೆಯವರು ಇನ್ನೂ ಇದ್ದಾರೆ. ಕರೆಯುವವರು ಕಡಿಮೆಯಾಗಿದ್ದಾರೆ.

ಇನ್ನೊಂದು, ಮಾತಿನದು. ‘ಫಾಲೋ ಮಾಡ್ತೀನಿ’, ‘ಸಬ್‌ಸ್ಕ್ರೈಬ್ ಮಾಡೀನಿ’, ‘ಲೈಕ್ ಮಾಡೀನಿ’. ಎಲ್ಲಕ್ಕೂ ‘ಮಾಡು’ ಬಂದು ಕೂತಿದೆ. ಹಾಡನ್ನು ಇಷ್ಟಪಡುವುದು ಕೂಡ ಬೆರಳಿನಿಂದ ಮಾಡುವ ಒಂದು ಕೆಲಸವಾದರೆ, ಆ ಕೆಲಸ ಮುಗಿದ ಮೇಲೆ ಉಳಿಯುವುದೇನು? ನಾದ ಮಾಡುವುದಕ್ಕೆ ಬರುವುದಿಲ್ಲ. ಅದು ಹತ್ತಬೇಕು, ಇಲ್ಲವೇ ಯಾರಾದರೂ ಹಚ್ಚಬೇಕು. ಬಸ್ಸಿನ ಆ ಹುಡುಗ ಗೆಳೆಯನ ಕಿವಿಗೆ ಇಯರ್‌ಫೋನಿನ ತುದಿ ಸಿಕ್ಕಿಸಿದ್ದು ಅಪ್ಪಟ ಹಚ್ಚುವ ಕೆಲಸವೇ. ಕೆಲಸ ಸರಿಯಾಗಿ ಮಾಡಿದ, ಅದಕ್ಕೆ ಹೇಳುವ ಮಾತು ಮಾತ್ರ ಅವನ ಕೈಗೆ ಸಿಗಲಿಲ್ಲ. ನಮ್ಮ ಮನೆಗಳಲ್ಲಿ ಆ ಮಾತು ಇಸ್ಪೀಟಿಗೂ ಕುಡಿತಕ್ಕೂ ಮೀಸಲಾಗಿ, ಬೈಗುಳವಾಗಷ್ಟೇ ಉಳಿಯುತ್ತ ಬಂದದ್ದೂ ಇದಕ್ಕೆ ಕಾರಣ. ಮಕ್ಕಳ ಮುಂದೆ ಅದನ್ನು ಪ್ರೀತಿಯಿಂದ ಬಳಸಿದ ಟೇಲರ್ ಕಾಕಿಯಂಥವರು ಕಡಿಮೆಯಾದರು.

ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯ ಓದುಗರಲ್ಲಿ ಒಂದು ಕೇಳಿಕೆ. ನಿಮ್ಮಲ್ಲಿ ಭಜನಿ ಮೇಳದವರಿಗೆ, ಗೀಗೀ ಪದದವರಿಗೆ, ಊರ ಬ್ಯಾಂಡಿನವರಿಗೆ ಮನಸೋತು ಊರೂರಿಗೆ ಹಿಂದೆ ಹೋಗುವವರನ್ನು ಏನೆಂದು ಕರೆಯುತ್ತಾರೆ? ನಾದವೆಂದೇ ಅನ್ನುತ್ತಾರೋ, ಬೇರೆ ಮಾತಿದೆಯೋ? ಅದು ಹತ್ತುತ್ತದೋ, ಹಿಡಿಯುತ್ತದೋ, ಬಡಿಯುತ್ತದೋ? ಕ್ರಿಯಾಪದವನ್ನು ಮರೆಯದೆ ಬರೆಯಿರಿ. ಮನೆಯ ಹಿರಿಯ ಹೆಂಗಸರನ್ನು ಕೇಳಿ ಬರೆದರೆ ಇನ್ನೂ ಒಳ್ಳೆಯದು.