ಧ್ರುವದಿಂದ ನಜ್ರಾನ್‌ವರೆಗೆ: ಸೀಳುವ ನೆಲದ ಅಧ್ಯಯನ

ಸೌದಿ ಅರೇಬಿಯಾದ ದಕ್ಷಿಣ ಅಂಚಿನಲ್ಲಿ, ಯೆಮೆನ್ ಗಡಿಗೆ ತಾಗಿಕೊಂಡಿರುವ ನಜ್ರಾನ್‌ಗೂ ಹಿಮದ ಧ್ರುವಗಳಿಗೂ ಯಾವ ನಂಟೂ ಇರಲಾರದು ಎಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ನಂಟು ಅಲ್ಲಿನ ಕಲ್ಲಿನಲ್ಲೇ ಇದೆ. ಊರಿನಿಂದ ಉತ್ತರಕ್ಕೆ, ವಾದಿ ಅದ್‌ದವಾಸಿರ್ ಕಡೆಗೆ ಹಬ್ಬಿರುವ ವಾಜಿದ್ ಮರಳುಗಲ್ಲಿನ ಸ್ತರಗಳಲ್ಲಿ ಎರಡು ಹಿಮಯುಗಗಳ ಗುರುತುಗಳು ಉಳಿದಿವೆ. ಒಂದು ಸುಮಾರು 44.5 ಕೋಟಿ ವರ್ಷ ಹಿಂದಿನದು. ಆಗ ದಕ್ಷಿಣ ಧ್ರುವ ಇಂದಿನ ಉತ್ತರ ಆಫ್ರಿಕಾದ ಆಸುಪಾಸಿನಲ್ಲಿತ್ತು. ಗೊಂಡ್ವಾನ ಮಹಾಖಂಡದ ಭಾಗವಾಗಿದ್ದ ಅರೇಬಿಯಾದ ನೆಲವನ್ನೂ ಹಿಮನದಿಗಳು ಕೊರೆದವು. ಇನ್ನೊಂದು ಸುಮಾರು 30 ಕೋಟಿ ವರ್ಷ ಹಿಂದಿನದು. ಒಡಿಶಾದ ತಾಲ್ಚೇರ್‌ನಲ್ಲಿ 1856ರಲ್ಲಿ ಬ್ಲಾನ್‌ಫರ್ಡ್ ಸಹೋದರರು ಗುರುತಿಸಿದ ಗುಂಡುಕಲ್ಲಿನ ಸ್ತರಗಳು ಇದೇ ಎರಡನೆಯ ಹಿಮಯುಗದವು.

ಹಿಮನದಿ ಬಂದುಹೋದ ಪುರಾವೆಯನ್ನು ಫ್ರೆಂಚ್ ಭೂವಿಜ್ಞಾನಿಗಳು 1960ರ ದಶಕದಲ್ಲಿ ಸಹಾರಾದಲ್ಲಿ ಎತ್ತಿ ತೋರಿಸಿದರು. 1978ರಲ್ಲಿ ಭೂವಿಜ್ಞಾನಿ ಮೆಕ್ಲೂರ್ ಅರೇಬಿಯಾದ ಪ್ರಾಚೀನ ಹಿಮಯುಗದ ಬಗ್ಗೆ ಬರೆದರು. ಹಿಮಕ್ಕೂ ಭೂಕಂಪಕ್ಕೂ ನಂಟಿದೆ: ಹಿಮದ ಭಾರ ಭೂಚಿಪ್ಪನ್ನು ಕೆಳಕ್ಕೆ ಅದುಮುತ್ತದೆ. ಹಿಮ ಕರಗಿದಾಗ ನೆಲ ಮೆಲ್ಲನೆ ಮೇಲೇಳುತ್ತದೆ, ಆಗ ಹಳೆಯ ಸ್ತರಭಂಗಗಳು, ಅಂದರೆ ನೆಲದೊಳಗಿನ ಸೀಳುಗಳು, ಜಾರಬಹುದು. ಉತ್ತರ ಸ್ವೀಡನ್ನಿನ ಪರ್ವಿಯೆ ಸ್ತರಭಂಗ ಸುಮಾರು 150 ಕಿ.ಮೀ. ಉದ್ದವಿದೆ. ಕೊನೆಯ ಹಿಮಯುಗದ ಅಂತ್ಯದಲ್ಲಿ ಅದು ದೊಡ್ಡ ಭೂಕಂಪದಲ್ಲಿ ಸೀಳಿತು. ಭೂಚಿಪ್ಪಿನ ಫಲಕಗಳ ಅಂಚಿನಿಂದ ಬಹಳ ದೂರವಿರುವ ನೆಲವೂ ನಡುಗಬಲ್ಲದು ಎಂಬ ಅರಿವು ಬೆಳೆಯಲು ಇಂಥ ಧ್ರುವಪ್ರದೇಶಗಳ ಅಧ್ಯಯನವೂ ನೆರವಾಯಿತು.

ಫಲಕಗಳ ಅಂಚನ್ನು ಗುರುತಿಸಿದ ಕಥೆಯಲ್ಲೂ ಧ್ರುವ ಮತ್ತು ಅರೇಬಿಯಾ ಜೊತೆಜೊತೆಯಾಗಿಯೇ ಬರುತ್ತವೆ. 1933ರ ನವೆಂಬರ್ 20ರಂದು ಬ್ಯಾಫಿನ್ ಕೊಲ್ಲಿಯಲ್ಲಿ ಆದ ಭೂಕಂಪದ ಪ್ರಮಾಣ 7ನ್ನು ಮೀರಿತ್ತು. ಆದರೆ ಉತ್ತರ ಧ್ರುವ ಸಾಗರದ ತಳದಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯಲು ಆಗ ಸಾಕಷ್ಟು ಮಾಪನ ಕೇಂದ್ರಗಳಿರಲಿಲ್ಲ. 1957–58ರ ಅಂತರರಾಷ್ಟ್ರೀಯ ಭೂಭೌತ ವರ್ಷ ಆ ಕೊರತೆಯನ್ನು ಒಂದಿಷ್ಟು ತುಂಬಿತು. ದಕ್ಷಿಣ ಧ್ರುವದಲ್ಲೂ ಭೂಕಂಪನ ಮಾಪಕ ಕೂತಿತು. ಅಟ್ಲಾಂಟಿಕ್ ನಡುವಿನ ಪರ್ವತಸಾಲು ಉತ್ತರ ಧ್ರುವ ಸಾಗರದೊಳಕ್ಕೂ ಮುಂದುವರಿಯುತ್ತದೆ ಎಂದು ಹೀಜನ್ ಮತ್ತು ಯೂಯಿಂಗ್ ಎಂಬ ವಿಜ್ಞಾನಿಗಳು 1961ರಲ್ಲಿ ವಾದಿಸಿದರು. ಇಂದು ಅದಕ್ಕೆ ಗಾಕೆಲ್ ಪರ್ವತಸಾಲು ಎಂದು ಹೆಸರು. ಉದ್ದ ಸುಮಾರು 1,800 ಕಿ.ಮೀ.

ಅಣುಬಾಂಬ್ ಪರೀಕ್ಷೆಗಳನ್ನು ಪತ್ತೆಹಚ್ಚಲು ಅಮೆರಿಕ 1960ರ ದಶಕದ ಆರಂಭದಲ್ಲಿ ಜಗತ್ತಿನಾದ್ಯಂತ ಒಂದೇ ಬಗೆಯ ಮಾಪಕಗಳನ್ನು ಹೂಡಿಸಿತು. ನಮ್ಮ ಗೌರಿಬಿದನೂರಿನ ಭೂಕಂಪನ ಕೇಂದ್ರ 1965ರಲ್ಲಿ ಹುಟ್ಟಿದ್ದೂ ಅಣುಸ್ಫೋಟಗಳನ್ನು ಗುರುತಿಸಲೆಂದೇ. ಅಣುಬಾಂಬಿನ ಭಯದಿಂದ ಸಿಕ್ಕ ಈ ದಾಖಲೆಗಳು ಭೂವಿಜ್ಞಾನಕ್ಕೆ ದೊಡ್ಡ ಸಂಪತ್ತಾದವು. ಲಿನ್ ಸೈಕ್ಸ್ ಎಂಬ ತರುಣ ವಿಜ್ಞಾನಿ 1964ರಲ್ಲಿ ಲ್ಯಾಂಡಿಸ್ಮನ್ ಜೊತೆ ಪೂರ್ವ ಆಫ್ರಿಕಾ, ಏಡನ್ ಕೊಲ್ಲಿ, ಕೆಂಪು ಸಮುದ್ರಗಳ ಭೂಕಂಪಗಳ ಕುರಿತು ಬರೆದರು. ಮರುವರ್ಷವೇ ಉತ್ತರ ಧ್ರುವದ ಭೂಕಂಪಗಳ ಕುರಿತು. ಎರಡೂ ಕಡೆ ಕಂಡದ್ದು ಒಂದೇ: ಕೇಂದ್ರಬಿಂದುಗಳು ಕಂಡಕಂಡಲ್ಲಿ ಚೆಲ್ಲಿರಲಿಲ್ಲ, ಕಿರಿದಾದ ಗೆರೆಗಳ ಉದ್ದಕ್ಕೂ ಸಾಲುಗಟ್ಟಿದ್ದವು. 1970ರಲ್ಲಿ ಮೆಕೆಂಜಿ, ಡೇವೀಸ್ ಮತ್ತು ಮೋಲ್ನಾರ್ ಆ ಗೆರೆಗಳನ್ನು ಫಲಕ ಸಿದ್ಧಾಂತದೊಳಗೆ ಕೂರಿಸಿ, ಅರೇಬಿಯಾ ಆಫ್ರಿಕಾದಿಂದ ದೂರ ಸರಿಯುತ್ತಿದೆ ಎಂದು ಲೆಕ್ಕ ಸಮೇತ ತೋರಿಸಿದರು.

ಎಷ್ಟು ವೇಗವಾಗಿ ಸರಿಯುತ್ತಿದೆ ಎಂಬುದಕ್ಕೆ ನೇರ ಅಳತೆ ಸಿಕ್ಕಿದ್ದು ಜಿಪಿಎಸ್ ಬಂದ ಮೇಲೆ. ಕೆಂಪು ಸಮುದ್ರ ಉತ್ತರದಲ್ಲಿ ವರ್ಷಕ್ಕೆ ಸುಮಾರು 10 ಮಿ.ಮೀ., ನಜ್ರಾನ್‌ನ ಅಕ್ಷಾಂಶದಲ್ಲಿ ಸುಮಾರು 15 ಮಿ.ಮೀ. ಅಗಲವಾಗುತ್ತಿದೆ. ಗಾಕೆಲ್‌ನಲ್ಲಿ ಈ ವೇಗ ಸುಮಾರು 6ರಿಂದ 13 ಮಿ.ಮೀ. ಎರಡೂ ಅತಿ ನಿಧಾನವಾಗಿ ತೆರೆದುಕೊಳ್ಳುವ ಅಂಚುಗಳು. 1999ರಲ್ಲಿ ಗಾಕೆಲ್ ತಿಂಗಳುಗಟ್ಟಲೆ ನಡುಗಿ, 200ಕ್ಕೂ ಹೆಚ್ಚು ಕಂಪನಗಳು ದೂರದ ಕೇಂದ್ರಗಳಲ್ಲಿ ದಾಖಲಾದವು. 2001ರಲ್ಲಿ ಹೀಲಿ ಮತ್ತು ಪೋಲಾರ್‌ಸ್ಟರ್ನ್ ಎಂಬ ಹಿಮಭಂಜಕ ಹಡಗುಗಳು ಅಲ್ಲಿಗೆ ಹೋಗಿ ತಳದ ಕಲ್ಲುಗಳನ್ನು ಎತ್ತಿ ತಂದವು. ಈ ನಿಧಾನದ ಅಂಚುಗಳು ಬೇರೆಯದೇ ಒಂದು ವರ್ಗ ಎಂದು ಡಿಕ್ ಮತ್ತು ಸಂಗಡಿಗರು 2003ರಲ್ಲಿ ನಿರೂಪಿಸಿದರು. ಇಲ್ಲಿ ಶಿಲಾಪಾಕ ಮೇಲೇರುವುದು ಕಡಿಮೆ, ಅದೂ ಅಲ್ಲೊಂದು ಇಲ್ಲೊಂದು ಕಡೆ. ಕೆಂಪು ಸಮುದ್ರದ ತೀರದವರಿಗೆ ಈ ಮಾತಿನ ತೂಕ ಗೊತ್ತಿರಬೇಕು: ದಶಕಗಳ ಮೌನ ನೆಲದ ನೆಮ್ಮದಿಗೆ ಸಾಕ್ಷಿಯಲ್ಲ.

ಉಪಗ್ರಹದ ರಾಡಾರ್ ಚಿತ್ರಗಳನ್ನು ಹೋಲಿಸಿ ಸೆಂಟಿಮೀಟರ್ ಮಟ್ಟದ ಚಲನೆಯನ್ನು ಅಳೆಯುವ ವಿಧಾನವೂ ಎರಡೂ ಲೋಕಗಳಿಗೆ ಒಟ್ಟಿಗೇ ದಕ್ಕಿತು. 1993ರಲ್ಲಿ ಒಂದು ತಂಡ ಅದರಿಂದ ಅಂಟಾರ್ಕ್ಟಿಕದ ರಟ್‌ಫರ್ಡ್ ಹಿಮಪ್ರವಾಹದ ಚಲನೆಯನ್ನು ಅಳೆಯಿತು. ಅದೇ ವರ್ಷ ಇನ್ನೊಂದು ತಂಡ ಕ್ಯಾಲಿಫೋರ್ನಿಯಾದ ಲ್ಯಾಂಡರ್ಸ್ ಭೂಕಂಪದ ಸ್ಥಾನಪಲ್ಲಟವನ್ನು ಅಳೆಯಿತು. 2009ರಲ್ಲಿ ಈ ವಿಧಾನ ಸೌದಿಯಲ್ಲೇ ಬೆಲೆ ತೋರಿಸಿತು. ಮದೀನಾದ ಪಶ್ಚಿಮಕ್ಕಿರುವ ಹರ್ರತ್ ಲುನಯ್ಯಿರ್ ಎಂಬ ಲಾವಾ ಬಯಲು ಸಾವಿರಾರು ಸಲ ಕಂಪಿಸಿತು. ಮೇ 19ರಂದು 5.4 ಪ್ರಮಾಣದ ಭೂಕಂಪವಾಯಿತು. ನೆಲ ಸುಮಾರು 8 ಕಿ.ಮೀ. ಉದ್ದಕ್ಕೆ ಬಿರಿದಿತ್ತು. ಕೆಳಗಿನಿಂದ ಶಿಲಾಪಾಕ ನುಗ್ಗಿ ಮೇಲೆ ಬರದೆ ನಿಂತದ್ದನ್ನು ರಾಡಾರ್ ಚಿತ್ರಗಳು ತೋರಿಸಿದವು. ಸುತ್ತಲಿನ ಸಾವಿರಾರು ಜನರನ್ನು ಸ್ಥಳಾಂತರಿಸಲಾಯಿತು. 1999ರಲ್ಲಿ ಸ್ಥಾಪನೆಯಾದ ಸೌದಿ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆಗೆ ಇದು ಮೊದಲ ದೊಡ್ಡ ಪರೀಕ್ಷೆ ಎನ್ನಬೇಕು. ಅದರಲ್ಲಿ ಸಂಸ್ಥೆ ಗೆದ್ದಿತು.

ನಜ್ರಾನ್ ಮಟ್ಟಿಗೆ ನನ್ನನ್ನು ಚಿಂತೆಗೀಡುಮಾಡುವುದು ಗಡಿಯಾಚೆಯ ಎರಡು ಭೂಕಂಪಗಳು. 1941ರ ಜನವರಿ 11ರಂದು ಯೆಮೆನ್‌ನ ಸಾದಾ ಪ್ರಾಂತ್ಯದ ರಾಜಿಹ್ ಬೆಟ್ಟದ ಸುತ್ತ ನೆಲ ನಡುಗಿ ಸುಮಾರು 1,200 ಜನ ಸತ್ತರು. ಅದು ನಜ್ರಾನ್‌ನಿಂದ ನೂರು ಚಿಲ್ಲರೆ ಕಿ.ಮೀ. ದೂರವಷ್ಟೇ. 1982ರ ಡಿಸೆಂಬರ್ 13ರಂದು ಇನ್ನೂ ದಕ್ಷಿಣದ ಧಮಾರ್‌ನಲ್ಲಿ ಸುಮಾರು 2,800 ಜನ ಸತ್ತರು. ಅಲ್ಲಿ ನೆಲದಲ್ಲಿ ಮೂಡಿದ ಬಿರುಕುಗಳು ಹೆಚ್ಚುಕಡಿಮೆ ಕೆಂಪು ಸಮುದ್ರಕ್ಕೆ ಸಮಾನಾಂತರವಾಗಿದ್ದವು, ಫಲಕದ ಅಂಚಿನ ಎಳೆತ ಬೆಟ್ಟಸೀಮೆಯವರೆಗೂ ತಲುಪುತ್ತದೆ ಎಂದು ಸಾರುವಂತೆ. ಎರಡೂ ಅತಿ ದೊಡ್ಡ ಭೂಕಂಪಗಳೇನಲ್ಲ, ಪ್ರಮಾಣ 6ರ ಆಸುಪಾಸಿನವು. ಕೊಂದದ್ದು ಕಲ್ಲು ಮಣ್ಣಿನ ಗೋಡೆಗಳು. ಬೀದರ್, ಕಲಬುರಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ; 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪದಲ್ಲಿ ಆದದ್ದೂ ಅದೇ. ನಜ್ರಾನ್‌ನ ಹಳೆಯ ಬಹುಮಹಡಿ ಮಣ್ಣಿನ ಮನೆಗಳು ಕಣ್ಣಿಗೆ ಹಬ್ಬ. ಅವುಗಳನ್ನು ಉಳಿಸಿಕೊಳ್ಳುವುದೆಂದರೆ ಕಂಪನಕ್ಕೆ ತಾಳುವಂತೆ ಬಿಗಿಗೊಳಿಸುವುದೂ ಆಗಬೇಕು.

ಹಳೆಯ ಭೂಕಂಪಗಳ ಪಟ್ಟಿ ಸಿದ್ಧವಾದದ್ದು ಮಾಪಕಗಳಿಂದಲ್ಲ, ಓದಿನಿಂದ. ಆಂಬ್ರಸೀಸ್, ಮೆಲ್ವಿಲ್ ಮತ್ತು ಆಡಮ್ಸ್ 1994ರಲ್ಲಿ ಹೊರತಂದ ಈಜಿಪ್ಟ್, ಅರೇಬಿಯಾ, ಕೆಂಪು ಸಮುದ್ರಗಳ ಭೂಕಂಪ ಚರಿತ್ರೆ ಅರಬ್ಬಿ ಬಖೈರುಗಳನ್ನು ಶ್ರದ್ಧೆಯಿಂದ ಜಾಲಾಡಿದ ಗ್ರಂಥ. ಈ ಕ್ಷೇತ್ರದಲ್ಲಿ ನಾನು ಅತ್ಯಂತ ಗೌರವಿಸುವ ಕೆಲಸ ಅದು. ನಮ್ಮ ಶಾಸನಗಳನ್ನೂ ಕಡತಗಳನ್ನೂ ಆ ಕಣ್ಣಿನಿಂದ ಓದುವವರು ಹೆಚ್ಚಬೇಕು.

ಶೀತಲ ಸಮರದ ನಡುವೆಯೂ ಅಮೆರಿಕ ಮತ್ತು ಸೋವಿಯತ್ ವಿಜ್ಞಾನಿಗಳು 1957–58ರ ಆ ಭೂಭೌತ ವರ್ಷದಲ್ಲಿ ಧ್ರುವದ ಮಾಹಿತಿ ಹಂಚಿಕೊಂಡರು. 1959ರ ಅಂಟಾರ್ಕ್ಟಿಕ ಒಪ್ಪಂದ ಆ ಹಂಚಿಕೆಯನ್ನು ನಿಯಮವನ್ನಾಗಿ ಮಾಡಿತು. ನಜ್ರಾನ್ ಮತ್ತು ಸಾದಾ ಒಂದೇ ಫಲಕದ ಮೇಲಿವೆ. ಯುದ್ಧ ಕಂಡ ಆ ಗಡಿಯ ಎರಡೂ ಕಡೆಯ ಕಂಪನ ಕೇಂದ್ರಗಳ ದಾಖಲೆ ಒಂದೇ ನಕ್ಷೆಯ ಮೇಲೆ, ತಡವಿಲ್ಲದೆ ಬರುವಂತಾಗಬೇಕು. ಎರಡೂ ಕಡೆಯ ಆಡಳಿತಗಳು ಉಳಿದ ಮಾತು ಬದಿಗಿಟ್ಟು ಇದೊಂದನ್ನಾದರೂ ಮಾಡಲಿ.