ಅಲ್ಯೂಮಿನಿಯಮಿನ ಶಾಖಋಣ

ಭೂಮಿಯ ಹೊರಪದರದಲ್ಲಿ ಲೋಹಗಳೆಲ್ಲಕ್ಕಿಂತ ಹೇರಳವಾದುದು ಅಲ್ಯೂಮಿನಿಯಂ. ಆದರೂ ಸಹಸ್ರಾರು ವರ್ಷಗಳಿಂದ ಕಬ್ಬಿಣವನ್ನು ಬಲ್ಲ ಮಾನವನಿಗೆ ಇದು ಮೊದಲು ದೊರೆತುದು 1825ರಲ್ಲಿ, ಡೆನ್ಮಾರ್ಕಿನ ಅರ್ಸ್ಟೆಡನ ಪ್ರಯೋಗದಿಂದ. ಈ ವಿಳಂಬಕ್ಕೆ ಕಾರಣವೇನು?

ಲೋಹವು ಆಮ್ಲಜನಕದೊಡನೆ ಕೂಡುವಾಗ ಎಷ್ಟು ಶಾಖವನ್ನು ಚೆಲ್ಲುವುದೋ, ಅವೆರಡನ್ನು ಬೇರ್ಪಡಿಸುವಾಗ ಅಷ್ಟನ್ನೂ ನಾವು ಮರಳಿ ತೆರಬೇಕು. ಒಂದೇ ತೂಕದ ಆಮ್ಲಜನಕವನ್ನು ಬಿಡಿಸಲು ಅಲ್ಯೂಮಿನಿಯಮಿನ ಈ ಋಣವು ಕಬ್ಬಿಣದ ಋಣಕ್ಕೆ ಸುಮಾರು ಇಮ್ಮಡಿ. ಕಬ್ಬಿಣದ ಋಣವನ್ನು ಕುಲುಮೆಯ ಇದ್ದಲೇ ತೀರಿಸಿತು. ಇದನ್ನು ತೀರಿಸಲಾರದೆ ಹೋಯಿತು. 1886ರಲ್ಲಿ ಅಮೆರಿಕದ ಹಾಲ್, ಫ್ರಾನ್ಸಿನ ಎರೂ ಇವರೀರ್ವರೂ ಬೇರೆಬೇರೆಯಾಗಿ ವಿದ್ಯುತ್ತಿನಿಂದ ಅದನ್ನು ತೀರಿಸಿದರು. ದುರ್ಲಭವಾಗಿದ್ದ ಲೋಹವು ಅಡುಗೆಮನೆಯ ಪಾತ್ರೆಯಾಯಿತು.

ನಾವು ತೆತ್ತುದು ನಷ್ಟವಾಗಲಿಲ್ಲ. ಜರ್ಮನಿಯ ಗೋಲ್ಡ್‌ಷ್ಮಿಟ್ 1895ರಲ್ಲಿ ತೋರಿದಂತೆ, ಅಲ್ಯೂಮಿನಿಯಂ ಪುಡಿಯನ್ನು ಕಬ್ಬಿಣದ ಆಕ್ಸೈಡಿನೊಡನೆ ಬೆರೆಸಿ ಹೊತ್ತಿಸಿದರೆ, ಅಡಗಿದ್ದ ಶಾಖವು ಹೊರಹೊಮ್ಮಿ ಕಬ್ಬಿಣವು ಕರಗಿ ಹರಿಯುವುದು. ರೈಲುಹಳಿಗಳನ್ನು ಇಂದಿಗೂ ಬೆಸೆಯುತ್ತಿರುವುದು ಈ ಬೆಂಕಿಯೇ.